ಇಲ್ಲದ್ದನ್ನು ಯಾಕೆ ಬರೆಯೋದು

ಹುಡುಗಿ: ದೊಡ್ಡಪ್ಪ, ಕೊನೆಗೂ ಸಂದರ್ಶನದ ಪತ್ರ ಬಂತು. ನೀವು ದೆಹಲಿಯಲ್ಲಿ ಅಷ್ಟು ವರ್ಷ ಮಾಡಿದ ಕೆಲಸವೇ. ಆದರೆ ಅದು ಎಂಥ ಕೆಲಸ ಅಂತ ನಮ್ಮ ಮನೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ.

ದೊಡ್ಡಪ್ಪ: ಹೇಳುವ ಹಾಗಿರಲಿಲ್ಲವಮ್ಮ. ಈಗಲೂ ಎಷ್ಟೋ ಸಂಗತಿ ಹೇಳುವ ಹಾಗಿಲ್ಲ. ಯಾರಾದರೂ ಕೇಳಿದರೆ ನಿಮ್ಮ ದೊಡ್ಡಮ್ಮ 'ಸೈನ್ಯದವರಿಗೆ ಲೆಕ್ಕ ಹಾಕಿಕೊಡ್ತಾರೆ' ಅಂತಿದ್ದಳು. ಅದಕ್ಕಿಂತ ಸರಿಯಾದ ವಿವರಣೆ ನನಗೂ ಸಿಕ್ಕಿಲ್ಲ.

ಹುಡುಗಿ: ಲೆಕ್ಕ ಅಂದರೆ ಲೀನಿಯರ್ ಪ್ರೋಗ್ರಾಮಿಂಗ್, ಕ್ಯೂಯಿಂಗ್ ಥಿಯರಿ, ಸಿಮ್ಯುಲೇಶನ್. ಇವನ್ನೆಲ್ಲ ಎಂ.ಟೆಕ್.ನಲ್ಲಿ ಓದಿದ್ದೇನೆ. ಇನ್ನೊಂದು ಸಲ ತಿರುವಿ ಹಾಕಿಕೊಂಡು ಹೋದರೆ ಸಾಕಾ?

ದೊಡ್ಡಪ್ಪ: ಅವು ಬೇಕೇ ಬೇಕು. ಆದರೆ ಅವು ಬಡಗಿಯ ಕೈಯ ಉಳಿ, ಸುತ್ತಿಗೆ ಇದ್ದ ಹಾಗೆ. ಗಣಿತಜ್ಞ ಡಾಂಟ್ಜಿಗ್ ಲೀನಿಯರ್ ಪ್ರೋಗ್ರಾಮಿಂಗಿನ ಸಿಂಪ್ಲೆಕ್ಸ್ ವಿಧಾನ ಕಂಡುಹಿಡಿದದ್ದು 1947ರಲ್ಲಿ. ಅಷ್ಟು ಹೊತ್ತಿಗೆ ಈ ಕಸುಬು ಒಂದು ಮಹಾಯುದ್ಧವನ್ನೇ ನೋಡಿ ಮುಗಿಸಿತ್ತು. ಕೂಡುವುದು, ಕಳೆಯುವುದು, ಭಾಗಿಸುವುದು, ಜೊತೆಗೆ ಸ್ವಲ್ಪ ಸಂಭವನೀಯತೆ, ಅಷ್ಟರಲ್ಲೇ. ಹೋಗುವ ಮೊದಲು ನೀನು ಒಬ್ಬ ಮನುಷ್ಯನ ಜೀವನ ತಿಳಿದುಕೊಂಡು ಹೋಗು. ಪ್ಯಾಟ್ರಿಕ್ ಬ್ಲ್ಯಾಕೆಟ್.

ಹುಡುಗಿ: ನೊಬೆಲ್ ಬಂತಲ್ಲ, ಕಾಸ್ಮಿಕ್ ಕಿರಣಗಳಿಗೆ? ಅವರು ಭೌತವಿಜ್ಞಾನಿ ಅಲ್ಲವಾ?

ದೊಡ್ಡಪ್ಪ: ಭೌತವಿಜ್ಞಾನಿಯೇ. ಅದಕ್ಕೂ ಮೊದಲು ನೌಕಾಪಡೆಯವರು. 1910ರಲ್ಲಿ, ಇನ್ನೂ ಹನ್ನೆರಡು ವರ್ಷದ ಹುಡುಗ, ಇಂಗ್ಲೆಂಡಿನ ನೌಕಾಶಾಲೆಗೆ ಸೇರಿದರು. ಮೊದಲ ಮಹಾಯುದ್ಧದಲ್ಲಿ ಫಾಕ್‌ಲೆಂಡ್ ದ್ವೀಪಗಳ ಕಾಳಗ ನೋಡಿದರು, 1916ರಲ್ಲಿ ಜಟ್‌ಲೆಂಡ್ ಕಾಳಗದಲ್ಲಿ 'ಬಾರ್ಹಮ್' ಹಡಗಿನಲ್ಲಿದ್ದರು. ಆಗ ಹದಿನೆಂಟು ವರ್ಷ. ಯುದ್ಧ ಮುಗಿದ ಮೇಲೆ, ಓದು ಅರ್ಧಕ್ಕೆ ನಿಂತ ಹುಡುಗರು ಅಂತ ನೌಕಾಪಡೆಯೇ ಕೆಲವರನ್ನು ಆರು ತಿಂಗಳ ಮಟ್ಟಿಗೆ ಕೇಂಬ್ರಿಡ್ಜಿಗೆ ಕಳಿಸಿತು. ಅಲ್ಲಿ ಕ್ಯಾವೆಂಡಿಶ್ ಪ್ರಯೋಗಾಲಯದೊಳಗೆ ಕಾಲಿಟ್ಟವರು ಮತ್ತೆ ಹಡಗು ಹತ್ತಲಿಲ್ಲ. ನೌಕಾಪಡೆಗೆ ರಾಜೀನಾಮೆ ಕೊಟ್ಟು ರುದರ್‌ಫೋರ್ಡರ ಕೈಕೆಳಗೆ ಸೇರಿದರು. ರುದರ್‌ಫೋರ್ಡ್ ಕೊಟ್ಟ ಕೆಲಸ ಏನು ಗೊತ್ತಾ? ಮೋಡದ ಪೆಟ್ಟಿಗೆಯೊಳಗೆ, ಅಂದರೆ ಕ್ಲೌಡ್ ಚೇಂಬರಿನೊಳಗೆ, ಆಲ್ಫಾ ಕಣಗಳು ಎಳೆಯುವ ಗೆರೆಗಳ ಫೋಟೋ ತೆಗೆಯುವುದು, ತೆಗೆದದ್ದನ್ನು ಒಂದೊಂದಾಗಿ ನೋಡುವುದು. ಸುಮಾರು 23,000 ಫೋಟೋ. ಅದರಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಗೆರೆ. ಒಂದು ಧಾತು ಇನ್ನೊಂದಾಗಿ ಮಾರ್ಪಡುವಾಗ ಗೆರೆ ಕವಲೊಡೆಯಬೇಕು. ಅಂಥವು ಸಿಕ್ಕದ್ದು ಎಷ್ಟು?

ಹುಡುಗಿ: ಒಂದು ಸಾವಿರ?

ದೊಡ್ಡಪ್ಪ: ಎಂಟು.

ಹುಡುಗಿ: ಎಂಟೇ!

ದೊಡ್ಡಪ್ಪ: ಎಂಟೇ. ಆ ಎಂಟು ಸಾಕಾಯಿತು. ನಾನು ಈ ಕಥೆಯನ್ನು ಯಾಕೆ ಮೊದಲು ಹೇಳಿದೆ ಅಂದರೆ, ಮುಂದೆ ಯುದ್ಧದಲ್ಲಿ ಅವರು ಮಾಡಿದ್ದೂ ಇದನ್ನೇ. ಬೇರೆಯವರು ಬರೆದಿಟ್ಟ ಕಾಗದದ ರಾಶಿಯ ಮುಂದೆ ಕೂತು, ಎಲ್ಲಿ ಗೆರೆ ಕವಲೊಡೆಯುತ್ತದೆ ಅಂತ ನೋಡುವುದು.

ಹುಡುಗಿ: ಈ ಹೆಸರು ಇಟ್ಟವರೂ ಅವರೇನಾ? 'ಆಪರೇಷನಲ್ ರಿಸರ್ಚ್' ಅಂತ?

ದೊಡ್ಡಪ್ಪ: ಇಲ್ಲ, ಅದು ರಾಡಾರ್ ಕಟ್ಟುತ್ತಿದ್ದವರ ಕೂಸು. ಇಂಗ್ಲೆಂಡಿನ ಪೂರ್ವ ಕರಾವಳಿಯ ಬಾಡ್ಸಿಯಲ್ಲಿ ರೋ ಎನ್ನುವವರು ಮುಖ್ಯಸ್ಥರಾಗಿದ್ದರು. 1938ರ ಹೊತ್ತಿಗೆ ರಾಡಾರಿಗೆ ದೂರದಿಂದ ಬರುವ ವಿಮಾನ ಕಾಣುತ್ತಿತ್ತು. ಆದರೆ ಕಂಡ ಸುದ್ದಿ ಫೋನಿನಲ್ಲಿ ಹೋಗಿ, ನಕ್ಷೆಯ ಮೇಲೆ ಕೂತು, ತಮ್ಮ ಪೈಲಟ್ಟಿನ ಕಿವಿ ಮುಟ್ಟುವಷ್ಟರಲ್ಲಿ ಹಳಸಿಹೋಗುತ್ತಿತ್ತು. ಯಂತ್ರ ಸರಿಯಿದೆ, ಅದರ ಬಳಕೆ ಸರಿಯಿಲ್ಲ. ಆ ಬಳಕೆಯನ್ನೇ ಸಂಶೋಧನೆಯ ವಿಷಯ ಮಾಡಿಕೊಂಡರು. ಬ್ಲ್ಯಾಕೆಟ್ ಬಂದದ್ದು 1940ರಲ್ಲಿ, ಲಂಡನ್ ಮೇಲೆ ಬಾಂಬು ಬೀಳುವ ಹೊತ್ತಿಗೆ. ವಿಮಾನ ಹೊಡೆಯುವ ತೋಪುಗಳ ಪಡೆಗೆ ಜನರಲ್ ಪೈಲ್ ಮುಖ್ಯಸ್ಥರು, ಬ್ಲ್ಯಾಕೆಟ್ ಅವರ ಸಲಹೆಗಾರ. ಅವರು ಕಟ್ಟಿಕೊಂಡ ತಂಡ ನೋಡು: ಮೂವರು ಶರೀರಕ್ರಿಯಾ ವಿಜ್ಞಾನಿಗಳು, ಗಣಿತದವರು, ಭೌತಶಾಸ್ತ್ರದವರು, ಒಬ್ಬ ಖಗೋಳ ಭೌತಶಾಸ್ತ್ರಜ್ಞ, ಒಬ್ಬ ಭೂಮಾಪಕ, ಒಬ್ಬ ಸೇನಾಧಿಕಾರಿ. ಜನ 'ಬ್ಲ್ಯಾಕೆಟ್ ಸರ್ಕಸ್' ಅಂದರು.

ಹುಡುಗಿ: ತೋಪಿಗೂ ಶರೀರಕ್ರಿಯಾ ವಿಜ್ಞಾನಕ್ಕೂ ಏನು ಸಂಬಂಧ?

ದೊಡ್ಡಪ್ಪ: ಅವರು ಕಪ್ಪೆಯ ನರದ ಮೇಲೆ ಪ್ರಯೋಗ ಮಾಡಿ ಪಳಗಿದವರು. ಒಂದೇ ಪ್ರಯೋಗ ಹತ್ತು ಸಲ ಮಾಡಿದರೆ ಹತ್ತು ಉತ್ತರ ಬರುತ್ತದೆ ಅಂತ ಬಲ್ಲವರು. ಯುದ್ಧಭೂಮಿಯ ಅಂಕಿಯೂ ಹಾಗೇ ಕಲಬೆರಕೆ. ತಂಡ ಕೆಲಸ ಹಿಡಿದಾಗ ಒಂದು ವಿಮಾನ ಬೀಳಿಸಲು ಸುಮಾರು 20,000 ಗುಂಡು ಹಾರಿಸಬೇಕಾಗುತ್ತಿತ್ತು. ಮುಂದಿನ ಬೇಸಿಗೆಗೆ ಅದು ಸುಮಾರು 4,000ಕ್ಕೆ ಇಳಿಯಿತು. ರಾಡಾರನ್ನೂ ತೋಪನ್ನೂ ಹೊಂದಿಸುವ ರೀತಿ ತಿದ್ದಿದರು, ತರಬೇತಿ ತಿದ್ದಿದರು. ಅದಿರಲಿ. ನಿನಗೆ ನಾನು ಹೇಳಬೇಕಾದದ್ದು ಕರಾವಳಿಯ ತೋಪುಗಳ ಕಥೆ. ಲೆಕ್ಕ ಹಾಕುತ್ತಾ ಹೋದಾಗ ಒಂದು ವಿಚಿತ್ರ ಕಂಡಿತು. ಕಡಲಂಚಿನ ತೋಪಿನವರು ಒಳನಾಡಿನವರು ಬಳಸುವುದರಲ್ಲಿ ಅರ್ಧದಷ್ಟೇ ಗುಂಡಿನಲ್ಲಿ ಒಂದು ವಿಮಾನ ಬೀಳಿಸುತ್ತಿದ್ದರು. ಅದೇ ತೋಪು, ಅದೇ ತರಬೇತಿ. ನೀನಾಗಿದ್ದರೆ ಏನು ಹೇಳುತ್ತಿದ್ದೆ?

ಹುಡುಗಿ: ಸಮುದ್ರದ ಮೇಲೆ ರಾಡಾರಿಗೆ ಅಡ್ಡಿ ಕಡಿಮೆ. ಬೆಟ್ಟ, ಕಟ್ಟಡ ಇರುವುದಿಲ್ಲ. ಇಲ್ಲವೇ ವಿಮಾನಗಳು ಅಲ್ಲಿ ಕೆಳಗೆ, ನೇರವಾಗಿ ಹಾರುತ್ತಿರಬೇಕು.

ದೊಡ್ಡಪ್ಪ: ಅವರೂ ಹೀಗೇ ಒಂದಾದ ಮೇಲೊಂದು ಕಾರಣ ಹುಡುಕಿದರು. ಎಲ್ಲವೂ ನಂಬುವ ಹಾಗೇ ಇದ್ದವು. ಆಮೇಲೆ ಹೊಳೆಯಿತು. ಒಳನಾಡಿನಲ್ಲಿ ವಿಮಾನ ಬೀಳಿಸಿದೆವು ಅಂತ ಯಾರಾದರೂ ಬರೆದರೆ, ಹೋಗಿ ಅವಶೇಷ ನೋಡಿ ಎಣಿಸುತ್ತಿದ್ದರು. ಸಮುದ್ರದಲ್ಲಿ ನೋಡುವವರು ಯಾರು? ತೋಪಿನವರು ಬಿತ್ತು ಅಂದರೆ ಬಿತ್ತು. ಅವರು ಸುಳ್ಳು ಹೇಳಲಿಲ್ಲ. ಕತ್ತಲಲ್ಲಿ, ಹೊಗೆಯಲ್ಲಿ, ಕೆಳಗೆ ಜಾರಿದ ವಿಮಾನ ಬಿದ್ದಂತೆಯೇ ಕಂಡಿತ್ತು. ಕರಾವಳಿಯವರ ಗುರಿ ಹೆಚ್ಚು ಇರಲಿಲ್ಲ, ಅಲ್ಲಿ ತನಿಖೆ ಇರಲಿಲ್ಲ. ಈ ಕಸುಬಿನಲ್ಲಿ ನನಗೆ ಇದಕ್ಕಿಂತ ದೊಡ್ಡ ಪಾಠ ಯಾರೂ ಕಲಿಸಲಿಲ್ಲ. ಅಂಕಿಯನ್ನು ಕೈಗೆ ಕೊಟ್ಟಾಗ, ಅದು ಎಷ್ಟು ಅಂತ ನೋಡುವ ಮೊದಲು ಎಲ್ಲಿ ಹುಟ್ಟಿತು ಅಂತ ಕೇಳಬೇಕು. ಯಾರು ಬರೆದರು, ಯಾವಾಗ, ಯಾಕೆ, ಬರೆಯದೇ ಬಿಟ್ಟದ್ದೇನು.

ಹುಡುಗಿ: ಇದು ನಮ್ಮ ಪಠ್ಯದಲ್ಲಿ ಇಲ್ಲ. ಅಲ್ಲಿ ಅಂಕಿ ಕೊಟ್ಟೇ ಪ್ರಶ್ನೆ ಶುರುವಾಗುತ್ತದೆ.

ದೊಡ್ಡಪ್ಪ: ಅಲ್ಲೇ ತೊಡಕು ಕಣಮ್ಮ. ಸರಿ, 1941ರ ಮಾರ್ಚಿನಲ್ಲಿ ಬ್ಲ್ಯಾಕೆಟ್ ಕೋಸ್ಟಲ್ ಕಮಾಂಡಿಗೆ, ಅಂದರೆ ಸಮುದ್ರ ಕಾಯುವ ವಿಮಾನಗಳ ಪಡೆಗೆ ಹೋದರು. ಅಟ್ಲಾಂಟಿಕ್‌ನಲ್ಲಿ ಜರ್ಮನಿಯ ಜಲಾಂತರ್ಗಾಮಿಗಳು ಹಡಗು ಮುಳುಗಿಸುತ್ತಿದ್ದವು. ಬ್ರಿಟನ್ನಿಗೆ ಬರುವ ಆಹಾರ, ಎಣ್ಣೆ ಎಲ್ಲ ಆ ದಾರಿಯಲ್ಲೇ ಬರಬೇಕು. ವಿಮಾನಗಳು ಜಲಾಂತರ್ಗಾಮಿಯನ್ನು ಹುಡುಕಿ, ಮೇಲಿಂದ ಡೆಪ್ತ್ ಚಾರ್ಜ್ ಎಸೆಯುತ್ತಿದ್ದವು. ನೀರೊಳಗೆ ನಿಗದಿಯಾದ ಆಳಕ್ಕೆ ಇಳಿದ ಮೇಲೆ ಸಿಡಿಯುವ ಬಾಂಬು. ಆ ಆಳವನ್ನು 100 ಅಡಿಗೆ ಇಟ್ಟಿದ್ದರು. ಯಾಕೆ? ವಿಮಾನ ಕಂಡ ಕೂಡಲೇ ಜಲಾಂತರ್ಗಾಮಿ ಮುಳುಗುತ್ತದೆ, ವಿಮಾನ ಅಲ್ಲಿಗೆ ತಲುಪುವಷ್ಟರಲ್ಲಿ ಸಾಕಷ್ಟು ಕೆಳಗಿಳಿದಿರುತ್ತದೆ ಅಂತ ತರ್ಕ. ತಪ್ಪು ಕಾಣಿಸುತ್ತದಾ?

ಹುಡುಗಿ: ಇಲ್ಲ. ಸರಿಯಾಗೇ ಇದೆ.

ದೊಡ್ಡಪ್ಪ: ಈ. ಜೆ. ವಿಲಿಯಮ್ಸ್ ಅಂತ ವೇಲ್ಸ್ ದೇಶದ ಹಳ್ಳಿಯೊಂದರಿಂದ ಬಂದ ಭೌತವಿಜ್ಞಾನಿ ಇದ್ದರು. ಅವರೂ ಮೋಡದ ಪೆಟ್ಟಿಗೆಯ ಫೋಟೋ ನೋಡಿ ಕಣ್ಣು ಪಳಗಿಸಿಕೊಂಡವರೇ. ದಾಳಿ ಮಾಡಿ ಬಂದ ಪೈಲಟ್ಟುಗಳ ವರದಿಗಳನ್ನು ರಾಶಿ ಹಾಕಿಕೊಂಡು ಓದಿದರು. ಸುಮಾರು ನೂರಕ್ಕೆ ನಲವತ್ತು ದಾಳಿಗಳಲ್ಲಿ, ಬಾಂಬು ಬೀಳುವ ಹೊತ್ತಿಗೆ ಜಲಾಂತರ್ಗಾಮಿ ಇನ್ನೂ ಮೇಲೆಯೇ ಇತ್ತು, ಇಲ್ಲವೇ ಆಗಷ್ಟೇ ಮುಳುಗಿತ್ತು. ಬಾಂಬಿನ ಪೆಟ್ಟು ತಾಗುವುದು ಸುಮಾರು 20 ಅಡಿಯೊಳಗೆ. ಈಗ ಯೋಚಿಸು. ಬೇಗ ನೋಡಿ ಆಳಕ್ಕಿಳಿದ ಜಲಾಂತರ್ಗಾಮಿ ಇದ್ದರೆ, ಅದು ನೀರೊಳಗೆ ಎತ್ತ ತಿರುಗಿತೋ ಪೈಲಟ್ಟಿಗೆ ಗೊತ್ತಿಲ್ಲ. ಬಾಂಬು ಸಿಡಿಯುವ ಆಳ ಸರಿ, ಜಾಗ ತಪ್ಪು. ಇನ್ನೂ ಕಣ್ಣಿಗೆ ಕಾಣುತ್ತಿರುವ ಜಲಾಂತರ್ಗಾಮಿ ಇದ್ದರೆ...

ಹುಡುಗಿ: ಜಾಗ ಸರಿ, ಆಳ ತಪ್ಪು! ಬಾಂಬು ಅದರ ಪಕ್ಕದಲ್ಲೇ ಹಾದು, ಕೆಳಗೆ ಹೋಗಿ ಸಿಡಿಯುತ್ತದೆ.

ದೊಡ್ಡಪ್ಪ: ಅಷ್ಟೇ. ಹೊಡೆಯಲಾಗದ್ದನ್ನು ಹೊಡೆಯಲು ಹೋಗಿ, ಹೊಡೆಯಬಹುದಾದದ್ದನ್ನೂ ಬಿಡುತ್ತಿದ್ದರು. ಆಳವನ್ನು ಮೊದಲು 50 ಅಡಿಗೆ ತಂದರು. 25 ಅಡಿಯಲ್ಲಿ ಸಿಡಿಯುವ ಕೀಲು ತಯಾರಾದ ಮೇಲೆ 25ಕ್ಕೆ ಇಳಿಸಿದರು. ಬಾಂಬು ಹಳೆಯದೇ, ವಿಮಾನ ಹಳೆಯದೇ, ಪೈಲಟ್ಟೂ ಅವನೇ. ಆದರೂ ಸೆರೆಸಿಕ್ಕ ಜರ್ಮನ್ ನಾವಿಕರು, ಬ್ರಿಟಿಷರು ಎರಡು ಪಟ್ಟು ಶಕ್ತಿಯ ಹೊಸ ಮದ್ದು ತುಂಬಿದ್ದಾರೆ ಅಂತ ತಿಳಿದಿದ್ದರಂತೆ. ವಿಲಿಯಮ್ಸ್ ಯುದ್ಧ ಮುಗಿದ ಬೆನ್ನಿಗೇ, 1945ರ ಸೆಪ್ಟೆಂಬರಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. 42 ವರ್ಷ. ರೋಗ ಗೊತ್ತಾದ ಮೇಲೂ ಕೆಲಸ ಬಿಟ್ಟಿರಲಿಲ್ಲ. ಅವರ ಹೆಸರು ನಮ್ಮಂಥವರಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ, ಅದು ನನಗೆ ನೋವಿನ ಸಂಗತಿ.

ಹುಡುಗಿ: ಆದರೆ ದೊಡ್ಡಪ್ಪ, ಒಂದು ಮಾತು. ಕೇಳುವಾಗ ಮೈ ಜುಮ್ಮೆನ್ನುತ್ತದೆ, ನಿಜ. ಆ ಜಲಾಂತರ್ಗಾಮಿಯೊಳಗೂ ನಲವತ್ತು ಐವತ್ತು ಹುಡುಗರು ಇದ್ದರಲ್ಲವಾ? 100ರಿಂದ 25ಕ್ಕೆ ಇಳಿಸಿದ ಕೂಡಲೇ ಅವರು ಸತ್ತರು. ಇದೇ ಕೆಲಸವಾ ನಾನು ಮಾಡಬೇಕಾದದ್ದು?

ದೊಡ್ಡಪ್ಪ: ಹೌದು. ಅದನ್ನು ಮರೆಮಾಚಿ ನಿನಗೆ ಈ ಕೆಲಸ ಹೊಗಳಲಾರೆ. ಮರೆಮಾಚಿದವನನ್ನು ಈ ಕೆಲಸಕ್ಕೆ ತೆಗೆದುಕೊಳ್ಳಲೂಬಾರದು. ಆ ಪ್ರಶ್ನೆ ಹಾಗೇ ಇಟ್ಟುಕೊಂಡಿರು, ಮುಂದೆ ಅದೇ ಬರುತ್ತದೆ. ಮೊದಲು ಎದ್ದು ರಂಗೋಲಿ ಪುಡಿ ತಾ.

ಹುಡುಗಿ: ರಂಗೋಲಿ ಪುಡಿನಾ? ಈಗ?

ದೊಡ್ಡಪ್ಪ: ತಾರಮ್ಮ. ಇಲ್ಲೇ ಜಗಲಿಯ ಮೇಲೆ ಇಡು. ಆರು ಸಾಲು, ಸಾಲಿಗೆ ಆರು ಚುಕ್ಕಿ. ಒಂದೊಂದು ಚುಕ್ಕಿ ಒಂದೊಂದು ಸರಕಿನ ಹಡಗು. ಎಷ್ಟಾಯಿತು?

ಹುಡುಗಿ: 36.

ದೊಡ್ಡಪ್ಪ: ಪಕ್ಕದಲ್ಲಿ ಒಂಬತ್ತು ಸಾಲು, ಒಂಬತ್ತು ಚುಕ್ಕಿ. 81. ಎರಡು ಪಟ್ಟಿಗಿಂತ ಹೆಚ್ಚಾಯಿತು. ಈಗ ಎರಡರ ಸುತ್ತಲೂ ಬೆಂಗಾವಲು ಹಡಗುಗಳ ಚೌಕ ಎಳೆಯಬೇಕು. ಚುಕ್ಕಿಗೆ ಅಂಟಿಕೊಂಡಲ್ಲ, ದೂರದಲ್ಲಿ. ಚುಕ್ಕಿ ಚುಕ್ಕಿಯ ನಡುವಿನ ಅಂತರವನ್ನು ಒಂದು ಅನ್ನು, ಹೊರಚುಕ್ಕಿಯಿಂದ ಎಂಟು ಅಂತರ ಬಿಟ್ಟು ಗೆರೆ.

ಹುಡುಗಿ: ಜಗಲಿ ಸಾಲದು. ಲೆಕ್ಕದಲ್ಲೇ ಹೇಳುತ್ತೇನೆ. ಆರು ಚುಕ್ಕಿಗೆ ಐದು ಅಂತರ, ಆಚೆ ಎಂಟು ಈಚೆ ಎಂಟು, ಒಂದು ಬದಿ 21. ನಾಲ್ಕು ಬದಿ 84. ದೊಡ್ಡದಕ್ಕೆ ಎಂಟು ಅಂತರ, ಆಚೀಚೆ ಸೇರಿ 24. ನಾಲ್ಕು ಬದಿ 96. ಅಯ್ಯೋ, 12 ಅಷ್ಟೇ ಹೆಚ್ಚು! ಏಳರಲ್ಲಿ ಒಂದು ಭಾಗ.

ದೊಡ್ಡಪ್ಪ: ಬ್ಲ್ಯಾಕೆಟ್ ಹೇಳಿದ್ದೂ ಅದನ್ನೇ. ಕಾನ್ವಾಯ್ ಅಂದರೆ ಒಟ್ಟಾಗಿ ಸಾಗುವ ಹಡಗುಗಳ ಗುಂಪು. 40 ಹಡಗಿನ ಕಾನ್ವಾಯಿಗಿಂತ 80 ಹಡಗಿನದಕ್ಕೆ ಕಾಯಬೇಕಾದ ಸುತ್ತಳತೆ ಏಳರಲ್ಲಿ ಒಂದು ಪಾಲು ಮಾತ್ರ ಹೆಚ್ಚು. 1942ರಲ್ಲಿ ಅವರು ನೌಕಾಪಡೆಯ ಕೇಂದ್ರ ಕಚೇರಿಗೆ ಬಂದಿದ್ದರು. ಅಲ್ಲಿ ಎಲ್ಲರ ನಂಬಿಕೆ ಏನಿತ್ತು? ದೊಡ್ಡ ಕಾನ್ವಾಯ್ ಅಪಾಯ, ಚಿಕ್ಕದು ಕ್ಷೇಮ. ಎಲ್ಲ ಮೊಟ್ಟೆಯನ್ನೂ ಒಂದೇ ಬುಟ್ಟಿಯಲ್ಲಿಡುವವನು ದಡ್ಡ, ಅಲ್ಲವಾ? ಆದರೆ ಅವರ ತಂಡ ಹಿಂದಿನ ಎರಡು ವರ್ಷದ ದಾಖಲೆ ತೆಗೆದು ನೋಡಿತು. ಸರಾಸರಿ 32 ಹಡಗಿನ ಕಾನ್ವಾಯ್‌ಗಳಲ್ಲಿ ನೂರಕ್ಕೆ ಎರಡೂವರೆ ಹಡಗು ಮುಳುಗಿತ್ತು. ಸರಾಸರಿ 54 ಇದ್ದವುಗಳಲ್ಲಿ 1.1. ಅಂದರೆ ಅರ್ಧಕ್ಕೂ ಕಡಿಮೆ. ಕಾರಣವೂ ಸರಳವೇ. ಜಲಾಂತರ್ಗಾಮಿಗಳ ಗುಂಪು ಒಳನುಗ್ಗಿದರೂ ಅದರ ಬಳಿ ಇರುವ ಟಾರ್ಪೆಡೊ ಇಷ್ಟೇ. ಒಳಗೆ 36 ಇರಲಿ 81 ಇರಲಿ, ಅದು ಮುಳುಗಿಸುವುದು ಅಷ್ಟನ್ನೇ.

ಹುಡುಗಿ: ಒಪ್ಪಿದರಾ?

ದೊಡ್ಡಪ್ಪ: ಅಷ್ಟು ಸುಲಭಕ್ಕೆ ಒಪ್ಪುತ್ತಾರಾ? ಒಪ್ಪುವುದೂ ಕಷ್ಟವೇ, ಸರಕಿನ ಹಡಗಿನಲ್ಲಿ ಮನುಷ್ಯರಿದ್ದಾರೆ. ತನ್ನ ಲೆಕ್ಕವನ್ನು ಬೇರೆಯವರ ಮುಂದಿಡುವ ಮೊದಲು ಬ್ಲ್ಯಾಕೆಟ್ ತನ್ನನ್ನೇ ಒಂದು ಪ್ರಶ್ನೆ ಕೇಳಿಕೊಂಡರು. ಅಟ್ಲಾಂಟಿಕ್ ದಾಟಿಸಿ ತನ್ನ ಮಕ್ಕಳನ್ನು ಕಳಿಸಬೇಕಾಗಿ ಬಂದರೆ ಯಾವ ಕಾನ್ವಾಯಿಯಲ್ಲಿ ಕಳಿಸುತ್ತೇನೆ? ದೊಡ್ಡದರಲ್ಲೇ ಅಂತ ಮನಸ್ಸು ಒಪ್ಪಿದ ಮೇಲೆಯೇ ಶಿಫಾರಸು ಮಾಡಿದರು. ನೀನು ಆಗಲೇ ಕೇಳಿದ ಪ್ರಶ್ನೆಗೆ ಪೂರ್ತಿ ಉತ್ತರ ಇದಲ್ಲ. ಆದರೆ ಲೆಕ್ಕದ ಕೊನೆಯ ಸಾಲಿನಲ್ಲಿ ಸ್ವಂತ ಮಕ್ಕಳನ್ನು ಕೂರಿಸಿ ನೋಡುವವನ ಬಗ್ಗೆ ನನಗೆ ಗೌರವ. 1943ರಿಂದ ಕಾನ್ವಾಯ್‌ಗಳು ದೊಡ್ಡದಾದವು. 1944ರ ಬೇಸಿಗೆಯಲ್ಲಿ 160ಕ್ಕೂ ಹೆಚ್ಚು ಹಡಗುಗಳ ಒಂದು ಕಾನ್ವಾಯ್ ಅಟ್ಲಾಂಟಿಕ್ ದಾಟಿ ಬಂತು. ಒಂದೂ ಮುಳುಗಲಿಲ್ಲ.

ಹುಡುಗಿ: ಹಾಗಾದರೆ ಗೆದ್ದರು.

ದೊಡ್ಡಪ್ಪ: ಗೆದ್ದೆ ಅಂತ ಅವರು ಬರೆಯಲಿಲ್ಲ. ಇದೇ ಸಂಗತಿಯನ್ನು ಒಂದು ವರ್ಷ ಮೊದಲೇ, 1942ರ ವಸಂತದಲ್ಲೇ ಕಂಡುಕೊಂಡು ಒಪ್ಪಿಸಿದ್ದರೆ ಸುಮಾರು 200 ಹಡಗು ಉಳಿಯುತ್ತಿದ್ದವು ಅಂತ ಲೆಕ್ಕ ಹಾಕಿದರು. ದಾಖಲೆ ಆಗಲೂ ಅದೇ ಕಪಾಟಿನಲ್ಲಿತ್ತು.

ಹುಡುಗಿ: ಎಂಜಿನಿಯರುಗಳಿಗೆ ಇದರಲ್ಲಿ ಏನು ಕೆಲಸ? ಈವರೆಗೆ ಬರೀ ವಿಜ್ಞಾನಿಗಳ ಹೆಸರೇ ಬಂತು.

ದೊಡ್ಡಪ್ಪ: ಅಲ್ಲಿಗೂ ಬಂದೆ. ಸೆಸಿಲ್ ಗಾರ್ಡನ್ ಅನ್ನುವವರು ಹಣ್ಣಿನ ನೊಣಗಳ ತಳಿ ಅಧ್ಯಯನ ಮಾಡುತ್ತಿದ್ದ ಜೀವವಿಜ್ಞಾನಿ. ಕೋಸ್ಟಲ್ ಕಮಾಂಡಿನಲ್ಲಿ ಅವರು ಹಿಡಿದದ್ದು ವರ್ಕ್‌ಶಾಪನ್ನು. ವಿಮಾನಗಳಲ್ಲಿ ಮುಕ್ಕಾಲು ಪಾಲಾದರೂ ಯಾವಾಗಲೂ ಹಾರಲು ಸಿದ್ಧವಾಗಿರಬೇಕು ಅಂತ ನಿಯಮವಿತ್ತು. ಕೇಳಲು ಚೆನ್ನ. ಆದರೆ ಸಿದ್ಧವಾಗಿ ನಿಂತ ವಿಮಾನ ಸಮುದ್ರವನ್ನು ಹುಡುಕುವುದಿಲ್ಲ, ಮೆಕ್ಯಾನಿಕ್ಕುಗಳ ಕೈಗೂ ಕೆಲಸವಿಲ್ಲ. ನೊಣದ ಬದುಕಿನ ಹಂತಗಳನ್ನು ನೋಡುವ ಹಾಗೆ ಗಾರ್ಡನ್ ಒಂದೊಂದು ವಿಮಾನದ ಬದುಕನ್ನು ನೋಡಿದರು. ಇಷ್ಟು ಗಂಟೆ ಹಾರಾಟ, ಇಷ್ಟು ದುರಸ್ತಿ, ಇಷ್ಟು ಬಿಡಿಭಾಗಕ್ಕೆ ಕಾಯುವುದು, ಇಷ್ಟು ಸುಮ್ಮನೆ ನಿಲ್ಲುವುದು. ಹಾರಾಟವನ್ನೂ ದುರಸ್ತಿಯನ್ನೂ ಒಟ್ಟಿಗೆ ಯೋಜಿಸಿದಾಗ ಅದೇ ವಿಮಾನ, ಅದೇ ಜನರಿಂದ ಹಾರಾಟದ ಗಂಟೆಗಳು ಬಹಳ ಹೆಚ್ಚಾದವು. ಇನ್ನೊಂದು ಕಂಡರು. ಸುಮಾರು 50 ಗಂಟೆಗೊಮ್ಮೆ ವಿಮಾನ ಬಿಚ್ಚಿ ತಪಾಸಣೆ ಮಾಡುತ್ತಿದ್ದರು. ಕೆಡುವುದು ಯಾವಾಗ ಹೆಚ್ಚು?

ಹುಡುಗಿ: ಮುಂದಿನ ತಪಾಸಣೆ ಹತ್ತಿರ ಬಂದಾಗ, ಸವೆದು.

ದೊಡ್ಡಪ್ಪ: ತಪಾಸಣೆ ಮುಗಿದ ಕೂಡಲೇ. ಚೆನ್ನಾಗಿ ಕೂತಿದ್ದನ್ನು ಬಿಚ್ಚಿ ಜೋಡಿಸಿದ್ದರಿಂದಲೇ ಕೆಡುತ್ತಿತ್ತು. ಮಾಯುತ್ತಿರುವ ಗಾಯ ಕೆರೆದ ಹಾಗೆ. ವಾಡಿಂಗ್‌ಟನ್ ಎಂಬ ಜೀವವಿಜ್ಞಾನಿ ಇದನ್ನೆಲ್ಲ ಯುದ್ಧ ಮುಗಿದ ಕೂಡಲೇ ಪುಸ್ತಕವಾಗಿ ಬರೆದಿಟ್ಟರು. ಅಚ್ಚಾದದ್ದು 1973ರಲ್ಲಿ, ಗುಟ್ಟು ಅಂತ. ಈ ಕಸುಬಿನ ಬದುಕು ಹೀಗೇ ಕಣಮ್ಮ, ನೀನು ಮಾಡಿದ ಒಳ್ಳೆಯ ಕೆಲಸ ನಿನ್ನ ಮಕ್ಕಳು ದೊಡ್ಡವರಾದ ಮೇಲೆ ಹೊರಗೆ ಬಂದರೆ ಬಂತು.

ಹುಡುಗಿ: ವಿಮಾನದ ಮೇಲೆ ಗುಂಡಿನ ತೂತುಗಳ ಚಿತ್ರ ಎಲ್ಲರೂ ತೋರಿಸುತ್ತಾರಲ್ಲ, ತೂತಿಲ್ಲದ ಕಡೆ ಕವಚ ಹಾಕಿ ಅಂದರಂತೆ, ಅದೂ ಇವರದೇ ತಂಡವಾ?

ದೊಡ್ಡಪ್ಪ: ಅಲ್ಲ, ಅಬ್ರಹಾಂ ವಾಲ್ಡ್. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ತಂಡ, 1943. ಆ ಚುಕ್ಕಿಯ ಚಿತ್ರ ಎಷ್ಟೋ ಕಾಲದ ಮೇಲೆ ಯಾರೋ ಬರೆದದ್ದು. ವಾಲ್ಡ್ ಬರೆದದ್ದು ಎಂಟು ಟಿಪ್ಪಣಿ, ತುಂಬ ಗಣಿತ. ಮರಳಿ ಬಂದ ವಿಮಾನ ಮಾತ್ರ ನಮ್ಮ ಕಣ್ಣಿಗೆ ಬೀಳುತ್ತದೆ, ಬಾರದವು ಎಲ್ಲಿ ಪೆಟ್ಟು ತಿಂದವು ಅನ್ನುವುದನ್ನು ಬಂದವುಗಳಿಂದ ಹೇಗೆ ಊಹಿಸುವುದು ಅಂತ. ಕೈಗೆ ಕೊಟ್ಟ ಅಂಕಿಯನ್ನು ಅಲ್ಲ, ಕೊಡದೇ ಇದ್ದ ಅಂಕಿಯನ್ನು ನೋಡಿದವರು. ಪಾಪ, ಅವರು 1950ರ ಡಿಸೆಂಬರಿನಲ್ಲಿ ಭಾರತಕ್ಕೆ ಉಪನ್ಯಾಸಕ್ಕೆ ಬಂದಿದ್ದಾಗ ಹೆಂಡತಿಯ ಜೊತೆ ವಿಮಾನ ಅಪಘಾತದಲ್ಲಿ ತೀರಿಕೊಂಡರು, ನೀಲಗಿರಿಯಲ್ಲಿ. ಗುಂಡ್ಲುಪೇಟೆ ಕಡೆಯಿಂದ ಹೋಗುವಾಗ ಮುಂದೆ ನೀಲಿಯಾಗಿ ನಿಲ್ಲುತ್ತದಲ್ಲ, ಅದೇ ನೀಲಗಿರಿ. ಆ ದಾರಿಯಲ್ಲಿ ಹೋದಾಗಲೆಲ್ಲ ನನಗೆ ಅವರ ನೆನಪಾಗುತ್ತದೆ.

ಹುಡುಗಿ: ಬಾರದವರ ಲೆಕ್ಕ ಯಾರು ಇಡುತ್ತಾರೆ ಅನ್ನುವುದೇ ಎಲ್ಲ ಕಥೆಯಲ್ಲೂ ಬರುತ್ತಿದೆ.

ದೊಡ್ಡಪ್ಪ: ಸರಿಯಾಗಿ ಹಿಡಿದೆ. ಭೌತವಿಜ್ಞಾನಿ ಫ್ರೀಮನ್ ಡೈಸನ್ ಗೊತ್ತಲ್ಲ? 1943ರ ಜುಲೈನಲ್ಲಿ, ಹತ್ತೊಂಬತ್ತು ವರ್ಷದ ಹುಡುಗ, ಬಾಂಬರ್ ಕಮಾಂಡಿನ ಇಂಥದೇ ವಿಭಾಗಕ್ಕೆ ಸೇರಿದರು. ಹೊಡೆತ ತಿಂದು ಬೀಳುವ ಬಾಂಬರಿನಿಂದ ಏಳು ಜನ ಪ್ಯಾರಾಚೂಟ್ ಕಟ್ಟಿಕೊಂಡು, ಕತ್ತಲಲ್ಲಿ, ತಿರುಗುತ್ತಾ ಬೀಳುವ ವಿಮಾನದ ನೆಲದ ಕಿಂಡಿಯಿಂದ ಹಾರಬೇಕು. ಹ್ಯಾಲಿಫ್ಯಾಕ್ಸ್ ವಿಮಾನದವರಲ್ಲಿ ಕಾಲು ಭಾಗ ಜನ ಬದುಕಿ ಸೆರೆ ಸಿಕ್ಕರು. ಲ್ಯಾಂಕಾಸ್ಟರಿನವರಲ್ಲಿ ನೂರಕ್ಕೆ ಹದಿನೈದು. ಲ್ಯಾಂಕಾಸ್ಟರೇ ಒಳ್ಳೆಯ ವಿಮಾನ ಅಂತ ಹೆಸರು. ಅದರ ಕಿಂಡಿ ಎರಡು ಅಂಗುಲ ಕಿರಿದಾಗಿತ್ತು. ಡೈಸನ್ನರ ಸಹೋದ್ಯೋಗಿಯೊಬ್ಬರು ಕಿಂಡಿ ದೊಡ್ಡದು ಮಾಡಿಸಲು ಹಟ ಹಿಡಿದು ಓಡಾಡಿದರು. ಆದೇಶ ಬಂದು, ಕಾರ್ಖಾನೆಯಲ್ಲಿ ಬದಲಾಗಿ, ಅದು ವಿಮಾನಕ್ಕೆ ತಲುಪುವಷ್ಟರಲ್ಲಿ ಯುದ್ಧವೇ ಮುಗಿಯುತ್ತಾ ಬಂದಿತ್ತು. ಬಾಂಬರ್ ಕಮಾಂಡಿನಲ್ಲಿ ಸತ್ತವರು 55,000ಕ್ಕೂ ಹೆಚ್ಚು.

ಹುಡುಗಿ: ಎರಡು ಅಂಗುಲ.

ದೊಡ್ಡಪ್ಪ: ಎರಡು ಅಂಗುಲ. ಇನ್ನೂ ಒಂದು. ಅನುಭವ ಹೆಚ್ಚಿದಷ್ಟೂ ಬದುಕಿ ಬರುವ ಸಾಧ್ಯತೆ ಹೆಚ್ಚು ಅಂತ ಆ ಹುಡುಗರಿಗೆ ಹೇಳುತ್ತಿದ್ದರು. ಡೈಸನ್ ಲೆಕ್ಕ ಹಾಕಿದರೆ ಹಾಗೇನೂ ಕಾಣಲಿಲ್ಲ. ಹಳಬರೂ ಹೊಸಬರೂ ಒಂದೇ ಪ್ರಮಾಣದಲ್ಲಿ ಸಾಯುತ್ತಿದ್ದರು. ಅಂದರೆ ಏನೋ ಒಂದು, ಅನುಭವಕ್ಕೆ ಕಾಣದ್ದು, ಕೊಲ್ಲುತ್ತಿತ್ತು. ಜರ್ಮನ್ ವಿಮಾನಗಳು ಕೆಳಗಿನಿಂದ ಬಂದು ಮೇಲ್ಮುಖ ಗುಂಡು ಹಾರಿಸುತ್ತಿದ್ದವು ಅಂತ ಆಮೇಲೆ ತಿಳಿಯಿತು. ಅಂಕಿ ಕೂಗಿ ಹೇಳುತ್ತಿತ್ತು, ಕೇಳಿಸಿಕೊಳ್ಳಲಿಲ್ಲ. ಈಗ ನಿನ್ನ ಪ್ರಶ್ನೆಗೆ ಬರೋಣ. ಆ ಬಾಂಬರುಗಳು ಹೋಗುತ್ತಿದ್ದದ್ದು ಎಲ್ಲಿಗೆ? ಊರುಗಳ ಮೇಲೆ. 1942ರ ಮಾರ್ಚಿನಲ್ಲಿ ಚರ್ಚಿಲ್ಲರ ವಿಜ್ಞಾನ ಸಲಹೆಗಾರ ಚೆರ್ವೆಲ್ ಒಂದು ಟಿಪ್ಪಣಿ ಕೊಟ್ಟರು. ಜರ್ಮನಿಯ 58 ದೊಡ್ಡ ಊರುಗಳ ಮನೆಗಳ ಮೇಲೆ ಬಾಂಬು ಹಾಕಿದರೆ ಇಷ್ಟು ಜನ ಮನೆ ಕಳೆದುಕೊಳ್ಳುತ್ತಾರೆ, ದೇಶದ ಎದೆ ಒಡೆಯುತ್ತದೆ ಅಂತ. ಬ್ಲ್ಯಾಕೆಟ್ ಲೆಕ್ಕ ಹಾಕಿ, ಅಂದಾಜು ಆರು ಪಟ್ಟು ಹೆಚ್ಚಾಯಿತು ಅಂದರು. ಟಿಝಾರ್ಡ್ ಎಂಬ ಇನ್ನೊಬ್ಬ ವಿಜ್ಞಾನಿ ಬೇರೆಯಾಗಿ ಲೆಕ್ಕ ಹಾಕಿ ಐದು ಪಟ್ಟು ಅಂದರು. ಆ ವಿಮಾನಗಳಲ್ಲಿ ಸ್ವಲ್ಪವನ್ನಾದರೂ ಅಟ್ಲಾಂಟಿಕ್ ಕಾಯಲು ಕೊಡಿ ಅಂತ ಬೇಡಿದರು. ಮಾತು ನಡೆಯಲಿಲ್ಲ. ಯುದ್ಧ ಮುಗಿದ ಮೇಲಿನ ಸಮೀಕ್ಷೆ, ಅಂದಾಜು ಹತ್ತು ಪಟ್ಟು ಹೆಚ್ಚಾಗಿತ್ತು ಅಂತ ತೋರಿಸಿತು.

ಹುಡುಗಿ: ಲೆಕ್ಕ ಸರಿ ಇದ್ದವರೇ ಸೋತರು.

ದೊಡ್ಡಪ್ಪ: ಸೋತರು. ಎಷ್ಟೋ ವರ್ಷದ ಮೇಲೆ ಬ್ಲ್ಯಾಕೆಟ್ ಇದನ್ನು ತನ್ನ ಸ್ವಂತ ಸೋಲು ಅಂತ ಬರೆದುಕೊಂಡರು. ಇನ್ನೂ ಗಟ್ಟಿಯಾಗಿ ವಾದಿಸಬೇಕಿತ್ತು, ಮಂತ್ರಿಗಳ ಬಾಗಿಲು ಇನ್ನೂ ತಟ್ಟಬೇಕಿತ್ತು ಅಂತ. ಡೈಸನ್ನೂ ಅಷ್ಟೇ, ಕಚೇರಿಯಲ್ಲಿ ಕೂತು ಜನರನ್ನು ಕೊಲ್ಲುವ ಮಿತವ್ಯಯದ ದಾರಿ ಹುಡುಕುತ್ತಿದ್ದೆ ಅನ್ನುವ ನೋವನ್ನು ಕೊನೆಯವರೆಗೂ ಹೊತ್ತರು. ನೋಡು, ಈ ಕುರ್ಚಿಯಲ್ಲಿ ಯಾರೂ ಕೂರದಿದ್ದರೆ ಯುದ್ಧ ನಿಲ್ಲುವುದಿಲ್ಲ. ಆಗ ಚೆರ್ವೆಲ್ಲರ ಟಿಪ್ಪಣಿಗೆ ಎದುರು ಹೇಳುವವನೂ ಇರುವುದಿಲ್ಲ. ನಾನು ಈ ಒಂದೇ ಕಾರಣಕ್ಕೆ ಕೂತೆ. ನಿನಗೆ ಇದು ಸಾಲದು ಅನ್ನಿಸಿದರೆ ಹೋಗಬೇಡ, ನಾನು ಬೇಸರ ಮಾಡಿಕೊಳ್ಳುವುದಿಲ್ಲ.

ಹುಡುಗಿ: ನಮ್ಮ ದೇಶಕ್ಕೆ ಇದು ಹೇಗೆ ಬಂತು?

ದೊಡ್ಡಪ್ಪ: ಅದಕ್ಕೂ ಬ್ಲ್ಯಾಕೆಟ್ಟರೇ ಒಂದು ಕಾರಣ. 1947ರ ಜನವರಿಯಲ್ಲಿ ದೆಹಲಿಯ ವಿಜ್ಞಾನ ಕಾಂಗ್ರೆಸ್ಸಿಗೆ ಬಂದಾಗ ನೆಹರೂ ಪರಿಚಯವಾಯಿತು. ನೆಹರೂ ಸಲಹೆ ಕೇಳಿದರು. 1948ರಲ್ಲಿ ರಕ್ಷಣಾ ವಿಜ್ಞಾನದ ಬಗ್ಗೆ ಒಂದು ವರದಿ ಕೊಟ್ಟರು. ಅದೇ ವರ್ಷ ನೊಬೆಲ್ಲೂ ಬಂತು, ಪರಮಾಣು ಬಾಂಬಿನ ನೀತಿಯನ್ನು ವಿರೋಧಿಸಿದ ಅವರ ಪುಸ್ತಕವೂ ಬಂತು. ನಮಗೆ ಕೊಟ್ಟ ಸಲಹೆಯೂ ಅದೇ ಧಾಟಿಯದು. ಪರಮಾಣು ಅಸ್ತ್ರ, ವಿಷಾನಿಲದ ಹಿಂದೆ ಹೋಗಬೇಡಿ, ಇರುವುದನ್ನು ಚೆನ್ನಾಗಿ ಬಳಸುವುದನ್ನು ಮೊದಲು ಕಲಿಯಿರಿ. ಭೌತವಿಜ್ಞಾನಿ ಡಿ. ಎಸ್. ಕೊಠಾರಿ ಮೊದಲ ವೈಜ್ಞಾನಿಕ ಸಲಹೆಗಾರರಾದರು. 1957ರಲ್ಲಿ ಆಪರೇಷನಲ್ ರಿಸರ್ಚ್ ಸೊಸೈಟಿ ಆಫ್ ಇಂಡಿಯಾ ಹುಟ್ಟಿತು. ನಾನು ಸೇರುವಾಗ ಹಿರಿಯರು ಕೊಠಾರಿಯವರ ಹೆಸರನ್ನು ಮನೆಯ ಹಿರಿಯಜ್ಜನ ಹೆಸರು ಹೇಳುವಂತೆ ಹೇಳುತ್ತಿದ್ದರು.

ಹುಡುಗಿ: ನೀವು ಮಾಡಿದ್ದರಲ್ಲಿ ಒಂದಾದರೂ ಹೇಳಿ. ಹೇಳಬಹುದಾದದ್ದು.

ದೊಡ್ಡಪ್ಪ: ಒಂದು ಹೇಳುತ್ತೇನೆ. ಯಾರಿಗೂ ಹೇಳಿಲ್ಲ, ಗುಟ್ಟು ಅಂತಲ್ಲ. ಆಗ ನಾನು ಹೊಸಬ. ಬೆಟ್ಟದ ಮೇಲಿನ ಠಾಣೆಗಳಿಗೆ ಸಾಮಾನು ಹೊರುವ ಲಾರಿಗಳ ಬಿಡಿಭಾಗದ ಉಗ್ರಾಣ. ಕಪಾಟು ತುಂಬಿ ತುಳುಕುತ್ತಿದೆ, ಯಾವುದು ಬೇಕು ಯಾವುದು ಬೇಡ ನೋಡಿ ಅಂದರು. ಮೂರು ವರ್ಷದ ರಿಜಿಸ್ಟರು ತರಿಸಿಕೊಂಡೆ. ದೆಹಲಿಯಲ್ಲೇ ಕೂತು, ಒಂದೊಂದು ಭಾಗಕ್ಕೆ ಬೇಡಿಕೆ ಎಷ್ಟು ಅಂತ ಎಣಿಸಿದೆ. ಮೂರು ವರ್ಷದಲ್ಲಿ ಒಂದು ಸಲವೂ ಕೇಳದ ಭಾಗಗಳನ್ನು ಪಟ್ಟಿಯಿಂದ ತೆಗೆದುಹಾಕಿ ಅಂತ ಬರೆದು ಸಹಿ ಹಾಕಿದೆ. ಅಚ್ಚುಕಟ್ಟಾದ ವರದಿ, ಮೇಲಿನವರು ಬೆನ್ನು ತಟ್ಟಿದರು. ಅದರಲ್ಲಿ ಒಂದು ಹಳೆಯ ಮಾದರಿಯ ಲಾರಿಯ ಫ್ಯಾನ್ ಬೆಲ್ಟ್ ಇತ್ತು.

ಹುಡುಗಿ: ಆಮೇಲೆ?

ದೊಡ್ಡಪ್ಪ: ಬೇರೆ ಕೆಲಸಕ್ಕೆ ಅದೇ ಕಡೆ ಹೋದಾಗ ರಸ್ತೆಯ ಬದಿ ಒಂದು ಲಾರಿ ನಿಂತಿತ್ತು. ಚಾಲಕ ಹಳೆಯ ಟ್ಯೂಬನ್ನು ಬ್ಲೇಡಿನಿಂದ ಸೀಳಿ, ಮೂರು ಎಳೆ ಜಡೆಯ ಹಾಗೆ ಹೆಣೆಯುತ್ತಿದ್ದ. ಚಳಿಗೆ ಬೆರಳು ಬಿರಿದಿತ್ತು. ಏನಪ್ಪಾ ಅಂದೆ. ಫ್ಯಾನ್ ಬೆಲ್ಟು ಸಾಹೇಬರೇ, ಇದು ಎರಡು ತಿರುವಿನವರೆಗೆ ಬರುತ್ತದೆ, ಆಮೇಲೆ ಮತ್ತೆ ಹೆಣೆಯಬೇಕು ಅಂದ. ಉಗ್ರಾಣದಲ್ಲಿ ಕೇಳಲಿಲ್ಲವಾ ಅಂದರೆ, ವರ್ಷಗಳಿಂದ ಕೇಳುತ್ತಿದ್ದೇವೆ ಅಂದ. ನನಗೆ ಎದೆ ಧಸಕ್ಕೆಂದಿತು. ನೇರ ಉಗ್ರಾಣಕ್ಕೆ ಹೋದೆ. ಅಲ್ಲಿದ್ದ ಹವಾಲ್ದಾರ್ ಒಳ್ಳೆಯ ಮನುಷ್ಯ, ರಿಜಿಸ್ಟರು ಮುತ್ತಿನಂಥ ಅಕ್ಷರದಲ್ಲಿ ಬರೆಯುತ್ತಿದ್ದ. ಕೇಳಲು ಬಂದರೆ ಯಾಕೆ ಬರೆದಿಲ್ಲ ಅಂದೆ. ಕೊಟ್ಟದ್ದನ್ನು ಬರೆಯುತ್ತೇನೆ ಸಾಹೇಬರೇ, ಉಗ್ರಾಣದಲ್ಲಿ ಇಲ್ಲದ್ದನ್ನು ಯಾಕೆ ಬರೆಯೋದು ಅಂದ.

ಹುಡುಗಿ: ಅಂದರೆ ಸ್ಟಾಕ್ ಇಲ್ಲದ್ದರಿಂದ ಬೇಡಿಕೆ ಸೊನ್ನೆ. ಬೇಡಿಕೆ ಸೊನ್ನೆ ಅಂತ ನೀವು ಪಟ್ಟಿಯಿಂದ ತೆಗೆದಿರಿ.

ದೊಡ್ಡಪ್ಪ: ನಾನೇ ತೆಗೆದೆ. ತುಂಬ ಬೇಕಾಗಿದ್ದಕ್ಕೇ ಅದು ಮೊದಲು ಖಾಲಿಯಾಗಿತ್ತು. ಖಾಲಿಯಾದದ್ದಕ್ಕೇ ರಿಜಿಸ್ಟರಿನಿಂದ ಮಾಯವಾಗಿತ್ತು. ಕರಾವಳಿ ತೋಪಿನ ಕಥೆ ಆಗಲೇ ಓದಿದ್ದೆ, ತರಬೇತಿಯಲ್ಲಿ ಬೇರೆಯವರಿಗೆ ಹೇಳಿಯೂ ಇದ್ದೆ. ಆದರೂ ಆ ಅಂಕಿ ಎಲ್ಲಿ ಹುಟ್ಟಿತು ಅಂತ ಹೋಗಿ ನೋಡಲಿಲ್ಲ. ಅಲ್ಲಿಂದ ಮುಂದೆ ರಿಜಿಸ್ಟರು ಬರೆಯುವವನ ಪಕ್ಕ ಒಂದು ದಿನವಾದರೂ ಸ್ಟೂಲು ಹಾಕಿಕೊಂಡು ಕೂರದೆ ಯಾವ ಲೆಕ್ಕವನ್ನೂ ಶುರು ಮಾಡಲಿಲ್ಲ. ಇಲ್ಲ ಅಂತ ಕಳಿಸಿದ್ದಕ್ಕೂ ಒಂದು ಕಾಲಂ ಎಳೆಸಿದೆ. ಸಂದರ್ಶನದಲ್ಲಿ ಈ ಕೆಲಸಕ್ಕೆ ಏನು ಬೇಕು ಅಂತ ಕೇಳಿದರೆ, ಸ್ಟೂಲು ಅನ್ನು.

ಹುಡುಗಿ: ಬೆಲ್ಟು ಮತ್ತೆ ಬಂತಾ?

ದೊಡ್ಡಪ್ಪ: ಬಂತು. ತಪ್ಪು ನನ್ನದು ಅಂತ ಬರೆದು ಕಾಗದ ಹಾಕಿದೆ. ಒಪ್ಪಿಗೆ, ಖರೀದಿ, ಸಾಗಣೆ, ಎಲ್ಲ ಮುಗಿಯಲು ಎರಡು ಚಳಿಗಾಲ ಹಿಡಿಯಿತು.

ಹುಡುಗಿ: ಆ ಎರಡು ಚಳಿಗಾಲದಲ್ಲಿ ಎಷ್ಟು ಲಾರಿ ದಾರಿಯಲ್ಲಿ ನಿಂತವು?

ದೊಡ್ಡಪ್ಪ: ಹುಡುಕಿದೆನಮ್ಮ. ಠಾಣೆಗಳಿಗೆ ಹೋಗಿ ಚಾಲಕರನ್ನು ಒಬ್ಬೊಬ್ಬರನ್ನಾಗಿ ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಕೆಲವರು ವರ್ಗವಾಗಿ ಹೋಗಿದ್ದರು, ಅವರ ಸಾಲು ಖಾಲಿ ಇದೆ. ಒಳಗೆ ಕಪಾಟಿನಲ್ಲಿ, ಕೆಳಗಿನ ಅರೆಯಲ್ಲಿ ಇದೆ ನೋಡು, ನೀಲಿ ರಟ್ಟಿನದು. ತಗೊಂಡು ಬಾ.